ಹೊಂಗೆ ಮರಕ್ಕೊಂದು ಕೊಡೆ

ನಮ್ಮೂರಿನಲ್ಲಿ ಕಾಲ ತಾನಾಗಿ ಬದಲಾಗುವುದಿಲ್ಲ. ಬರುವ ಕಾಲದ ಮೊದಲ ಗುರುತನ್ನು ಯಾರಾದರೂ ನೋಡಬೇಕು, ನೋಡಿದ್ದನ್ನು ಚಾವಡಿಗೆ ಬಂದು ಹೇಳಬೇಕು. ಚಾವಡಿಯ ಮುಂದಿನ ಬೇವಿನ ಕೊಂಬೆಗೆ ಒಂದು ರೈಲು ಕಂಬಿಯ ತುಂಡು ಕಟ್ಟಿದ್ದಾರೆ. ನಮ್ಮೂರಿಗೆ ರೈಲೇ ಇಲ್ಲ, ಕಂಬಿ ಎಲ್ಲಿಂದ ಬಂತೋ ಶಿವನೇ ಬಲ್ಲ. ಅದನ್ನು ಬಡಿದರೆ ಚಾವಡಿ ನೋಡಿಕೊಳ್ಳುವ ಓಂಕಾರಪ್ಪ ಎಲ್ಲಿದ್ದರೂ ಬಂದು ಮೂರು ಮಾತು ಕೇಳುತ್ತಾನೆ. ಏನು ಕಂಡಿತು, ಎಲ್ಲಿ ಕಂಡಿತು, ಮೊದಲು ಯಾರ ಕಣ್ಣಿಗೆ ಕಂಡಿತು. ಕಂಡವರೇ ಬರಬೇಕೆಂದಿಲ್ಲ, ಅವರ ಪರವಾಗಿ ಯಾರು ಬಂದು ಹೇಳಿದರೂ ನಡೆಯುತ್ತದೆ. ಆದರೆ ಮೂರೂ ನಿಜವಾಗಿರಬೇಕು. ನಿಜವಾದರೆ ಆ ಗಳಿಗೆಯಲ್ಲೇ ಚಳಿ ಹೋಗಿ ಬೇಸಿಗೆ ಬರುತ್ತದೆ, ಬೇಸಿಗೆ ಹೋಗಿ ಮಳೆ ಬರುತ್ತದೆ. ಒಂದು ಸುಳ್ಳಾದರೂ ಎಲೆ ಅಲುಗುವುದಿಲ್ಲ. ಹೋಟೆಲ್ ಪರಮೇಶಿಯ ಅಪ್ಪ ಒಮ್ಮೆ, ರೆಕ್ಕೆ ಬಂದ ಗೆದ್ದಲನ್ನು ಹೆಂಡತಿ ಕಂಡಿದ್ದರೂ ತಾನೇ ಮೊದಲು ಕಂಡೆನೆಂದು ಹೇಳಿ ಊರನ್ನೆಲ್ಲ ಹನ್ನೆರಡು ದಿನ ಬಿಸಿಲಲ್ಲಿ ಬೇಯಿಸಿದನಂತೆ. ಕೊನೆಗೆ ಆ ಹೆಂಗಸೇ ಬಂದು ಕಂಬಿ ಬಡಿದ ಮೇಲೆ ಮಳೆ ಬಂತು. ಆ ಮನೆಯವರನ್ನು ಊರವರು ಇವತ್ತಿಗೂ ಆ ಮಾತೆತ್ತಿ ಆಡಿಕೊಳ್ಳುತ್ತಾರೆ.

ನನ್ನ ಹೆಂಡತಿ ಚನ್ನಾಜಮ್ಮ ಮೂವತ್ತೊಂದು ವರ್ಷ ಆ ಕಂಬಿ ಬಡಿದಳು. ಅವಳು ಸೊಸೆಯಾಗಿ ಬರುವ ಮುಂಚೆ ಊರಿನವರೆಲ್ಲ ಕಣ್ಣಿಟ್ಟು ಕಾಯುತ್ತಿದ್ದರಂತೆ, ನಾನು ಮೊದಲು ನೀನು ಮೊದಲು ಎಂದು ಜುಟ್ಟು ಹಿಡಿದು ಜಗಳವಾಡುತ್ತಿದ್ದರಂತೆ. ಇವಳು ಬಂದಮೇಲೆ ಆ ಜಗಳವೇ ಇಲ್ಲ. ಬೇರೆಯವರು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಇವಳು ನೋಡಿ, ಹೇಳಿ, ಬಂದು ಒಲೆ ಹಚ್ಚಿರುತ್ತಿದ್ದಳು. ಆಮೇಲಾಮೇಲೆ ಊರೇ ನೋಡುವುದನ್ನು ಬಿಟ್ಟಿತು. “ಚನ್ನಾಜಕ್ಕ ಅವಳಲ್ಲ, ನೋಡ್ಕತಾಳೆ ಬಿಡು” ಎನ್ನುವುದು ಒಂದು ಮಾತೇ ಆಗಿಹೋಯಿತು.

ನನಗೆ ಕೊಡೆ ರಿಪೇರಿ ಕೆಲಸ. ಮನೆಯ ಮುಂದಿನ ಜಗಲಿಯೇ ಅಂಗಡಿ. ನನ್ನ ಪ್ರಪಂಚವೆಂದರೆ ಕಡ್ಡಿ, ದಾರ, ಕರಿ ಬಟ್ಟೆ. ಅವಳ ಪ್ರಪಂಚ ಹಿತ್ತಿಲಿನಿಂದ ಶುರುವಾಗಿ ಎಲ್ಲಿ ಮುಗಿಯುತ್ತಿತ್ತೋ ನನಗೆ ಗೊತ್ತಿಲ್ಲ. ಅವರೆಕಾಯಿ ಬಿಡಿಸಲು ಕೂತರೆ ಎಲ್ಲರ ಮನೆಯ ಹೆಂಗಸರು ಹುಳ ಕಂಡೊಡನೆ ಹೊಸಕಿ ಹಾಕುತ್ತಾರೆ, ಇವಳು ಒಂದು ಡಬ್ಬಿಯ ಮುಚ್ಚಳದಲ್ಲಿ ಒಂದೊಂದನ್ನೇ ಕೂಡಿಸಿ ಮತ್ತೆ ಬಳ್ಳಿಗೆ ಬಿಟ್ಟು ಬರುತ್ತಿದ್ದಳು. “ಅಲ್ಲ ಕಣೇ, ನಾಳೆ ಅವೇ ನಮ್ಮ ಕಾಯಿ ತಿಂತಾವಲ್ಲೇ” ಎಂದರೆ, “ತಿಂದ್ರೆ ತಿನ್ಲಿ ಬಿಡ್ರೀ, ಅವಕ್ಕೂ ತವರುಮನೆ ಅಂತ ಒಂದು ಬ್ಯಾಡ್ವಾ?” ಎನ್ನುತ್ತಿದ್ದಳು. ಇಂಥವಳ ಜೊತೆ ವಾದ ಮಾಡುವುದುಂಟೇ! ಒಂದು ಸಲ ಪೇಟೆಬೀದಿಯಲ್ಲಿ ಮದುವೆ ದಿಬ್ಬಣವನ್ನೇ ತಡೆದಿದ್ದಳು. ಕಂಬಳಿಹುಳಗಳು ಒಂದರ ಹಿಂದೊಂದು ಸಾಲಾಗಿ ರಸ್ತೆ ದಾಟುತ್ತಿದ್ದವು. ವಾಲಗದವರು ನಿಂತರು, ಗಂಡು ನಿಂತ, ಗಂಡಿನ ಸೋದರಮಾವ ರೇಗಾಡಿದ. ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, “ಅವೂ ದಿಬ್ಬಣಾನೇ ಕಣಣ್ಣಾ, ಒಸಿ ಹೊತ್ತು ತಡೀರಿ” ಎಂದಳು. ಮುಹೂರ್ತ ಮೀರಲಿಲ್ಲ, ಪುಣ್ಯ. ನಾನು ಮಾತ್ರ ನಾಚಿಕೆಯಿಂದ ಒಂದು ವಾರ ಆ ಬೀದಿಗೆ ಹೋಗಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಇರುವೆ ನೋಡಬೇಕೆಂದರೆ ಕೂತು ನೋಡುತ್ತಿರಲಿಲ್ಲ, ನೆಲಕ್ಕೆ ಕೆನ್ನೆ ಒತ್ತಿ ಉದ್ದಕ್ಕೆ ಮಲಗಿಬಿಡುತ್ತಿದ್ದಳು. ರಸ್ತೆಯಾದರೂ ಅಷ್ಟೇ, ದೇವಸ್ಥಾನದ ಅಂಗಳವಾದರೂ ಅಷ್ಟೇ. ಪರಸ್ಥಳದವರು ಕಂಡರೆ “ಅಯ್ಯೋ, ಯಾರೋ ಬಿದ್ದವ್ರೆ” ಎಂದು ಕೂಗಿಕೊಂಡು ನೀರು ತರುತ್ತಿದ್ದರು. ಊರವರು ನಗುತ್ತಾ ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಏನಾದರೂ ಕಂಡರೆ ಹಿತ್ತಿಲಿನಿಂದಲೇ ನನ್ನನ್ನು ಕರೆಯುತ್ತಿದ್ದಳು. “ಏನ್ರೀ, ಬನ್ರೀ ಇಲ್ಲಿ, ಒಂದ್ನಿಮಿಷ.” ನಾನು “ಇರೇ, ಕಡ್ಡಿ ಕಟ್ತಾ ಇದೀನಿ” ಎನ್ನುತ್ತಿದ್ದೆ. ಕಡ್ಡಿ ಕಟ್ಟಿ ಮುಗಿಸಿ ಹೋಗುವಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು, ಓತಿಕ್ಯಾತ ಇಳಿದು ಹೋಗಿರುತ್ತಿತ್ತು. ಅವಳು ಒಂದು ದಿನವೂ ಸಿಟ್ಟಾಗಲಿಲ್ಲ, ಮಾರನೆಯ ದಿನ ಮತ್ತೆ ಕರೆಯುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಸಮಯಕ್ಕೆ ಸರಿಯಾಗಿ ನಾನು ಎದ್ದು ಹೋದದ್ದು ಹತ್ತು ಸಲವಿದ್ದರೆ ಹೆಚ್ಚು. ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ನಿಜ.

ಸಂಕ್ರಾಂತಿ ಕಳೆದು ಐದನೆಯ ದಿನ ಬೆಳಗ್ಗೆಯೂ ಕರೆದಳು. “ಏನ್ರೀ, ಬನ್ರೀ.” ನಾನು “ಬಂದೆ ಇರೇ” ಎಂದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಕರೆದಳು, ಆಗಲೂ “ಬಂದೆ” ಎಂದೆ. ಕೈಯಲ್ಲಿದ್ದದ್ದು ಮಳೆಗಾಲದಿಂದ ಉಳಿದಿದ್ದ ಎಂಟು ಕಡ್ಡಿಯ ಕೊಡೆ, ಆರು ಮುಗಿದಿತ್ತು, ಇನ್ನೆರಡು ತಾನೇ ಎಂದುಕೊಂಡೆ. ಮೂರನೆಯ ಸಲ ಕರೆಯಲಿಲ್ಲ. ಮುಗಿಸಿ ಎದ್ದು ಹಿತ್ತಿಲ ಬಾಗಿಲಿಗೆ ಬಂದರೆ ಅವರೆ ಚಪ್ಪರಕ್ಕೂ ಬಾವಿಗೂ ನಡುವೆ ನೆಲಕ್ಕೆ ಕೆನ್ನೆ ಒತ್ತಿ ಮಲಗಿದ್ದಳು. ನಾನು ನಗುತ್ತಲೇ, “ಬಂದೆ ಕಣೇ ಮಾರಾಯ್ತಿ, ಏನು ತೋರ್ಸು” ಎಂದೆ. ಮತ್ತೊಂದು ಸಲ ಅಂದೆ. ಹತ್ತಿರ ಹೋಗಿ ನೋಡಿದರೆ ಮುಚ್ಚಳ ಬೋರಲಾಗಿತ್ತು, ಹುಳಗಳು ಅವಳ ಕೈಮೇಲೆ ಹರಿದಾಡುತ್ತಿದ್ದವು, ಅವಳು ಇರಲಿಲ್ಲ. ಡಾಕ್ಟರು ಬಂದು ಎದೆ ನಿಂತಿದೆ ಎಂದರು. ಒಂದು ದಿನ ತಲೆನೋವು ಎಂದವಳಲ್ಲ!

ಗೋಡೆಯಾಚೆಯ ಸಣ್ಣಮ್ಮಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ಚನ್ನಾಜಿಗೆ ಜೀವದ ಗೆಳತಿ. ಅವಳು ಎದೆ ಎದೆ ಬಡಿದುಕೊಂಡು ಅತ್ತಳು. “ಗೋಡೆ ಮೇಲಿಂದ ನೋಡ್ದೆ ಕಣಪ್ಪಾ ಮರುಳಯ್ಯ, ಮಲಗಿರೋದ ಕಣ್ಣಾರೆ ನೋಡ್ದೆ. ಇರುವೆ ನೋಡ್ತಾವ್ಳೆ ಅಂದ್ಕೊಂಡು ನನ್ನ ಪಾಡಿಗೆ ಒಳಕ್ಕೆ ಹೋದ್ನಲ್ಲಪ್ಪಾ! ನನ್ನ ಕಣ್ಣಿಗಿಷ್ಟು ಮಣ್ಣು ಹಾಕ.” ನಾನೂ ಹಾಗೇ ಅಂದುಕೊಂಡೆ ಎಂದು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿದು ನೆಂಟರು ಹೊರಟುಹೋದರು. ನಾನು ಹಿತ್ತಿಲಿಗೆ ಬಂದು ಅವಳು ಬಿದ್ದಿದ್ದ ಜಾಗದಲ್ಲೇ ಕೂತೆ. ಏನು ತೋರಿಸುವುದಕ್ಕೆ ಕರೆದಳು? ಅದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಆ ಹಿತ್ತಿಲಿನಲ್ಲಿ ತೋರಿಸುವಂಥವು ಅರವತ್ತು ಇದ್ದವು. ಜೇಡದ ಬಲೆ ಇತ್ತು, ದಾಸವಾಳದ ಮೇಲೆ ಸೂರಕ್ಕಿ ಇತ್ತು, ಬಾವಿಯಲ್ಲಿ ಆಮೆ ಇತ್ತು. ಹಾಗೆಯೇ ಒಂದೊಂದನ್ನೇ ನೋಡುತ್ತಾ ತಲೆಯೆತ್ತಿದರೆ, ಓಣಿಯ ಕಡೆಗೆ ಬಾಗಿದ ಹೊಂಗೆಯ ಕೊಂಬೆಯ ತುದಿಯಲ್ಲಿ ಒಂದು ಚಿಗುರು ಕಂಡಿತು. ಒಂದೇ ಒಂದು, ಕಿರುಬೆರಳ ಉಗುರಿನಷ್ಟು, ಹಸುರೂ ಅಲ್ಲದ ಕೆಂಪೂ ಅಲ್ಲದ ಬಣ್ಣ. ಮಿಕ್ಕ ಮರವೆಲ್ಲ ಹಳೆಯ ಎಲೆಯಲ್ಲಿ ಮುದುರಿಕೊಂಡಿತ್ತು.

ಬೇಸಿಗೆಯ ಗುರುತು! ಎದ್ದು ಚಾವಡಿಗೆ ಹೋಗಬೇಕಾಗಿತ್ತು. ಎದ್ದೆ ಕೂಡ. ಅಷ್ಟರಲ್ಲಿ ಚಪ್ಪರದ ಅವರೆ ಕಣ್ಣಿಗೆ ಬಿತ್ತು. ಅವಳು ಹಬ್ಬಿಸಿದ ಬಳ್ಳಿ, ಇನ್ನೂ ಹೂವಿನಲ್ಲಿತ್ತು. ಬೇಸಿಗೆ ಬಂದರೆ ಎರಡು ದಿನದಲ್ಲಿ ಒಣಗುತ್ತದೆ. ಈ ಮಂಜು, ಈ ಎಳೆಬಿಸಿಲು, ಈ ಅವರೆಯ ಸೊಗಡು, ಇಷ್ಟೂ ಅವಳು ಉಸಿರಾಡಿದ ಕಾಲ. ಇದೂ ಹೋದರೆ ಅವಳು ಕಾಣದ ಕಾಲ ಶುರುವಾಗುತ್ತದೆ, ಆಮೇಲೆ ಅದು ನಿಲ್ಲುವುದಿಲ್ಲ. ಇನ್ನೊಂದೆರಡು ದಿನ ಇರಲಿ ಎಂದುಕೊಂಡೆ. ಕಂಡದ್ದನ್ನು ಒಳಗಿಟ್ಟುಕೊಂಡರೆ ಕದ್ದ ಹಾಗೆ ಎಂದು ಅವಳು ಹೇಳುತ್ತಿದ್ದಳು. ಕದ್ದೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆ ಕೊಂಬೆ ಓಣಿಗೆ ಚಾಚಿದೆ, ಹೋಗುವವರು ಬರುವವರು ತಲೆಯೆತ್ತಿದರೆ ಕಂಡುಬಿಡುತ್ತದಲ್ಲ? ಅಂಗಡಿಯಲ್ಲಿ ಯಾರೂ ವಾಪಸ್ ತೆಗೆದುಕೊಂಡು ಹೋಗದ ಒಂದು ದೊಡ್ಡ ಕರಿ ಕೊಡೆ ಇತ್ತು. ಏಣಿ ಹಾಕಿ ಹತ್ತಿ ಅದನ್ನು ಬಿಚ್ಚಿ ಕೊಂಬೆಗೆ ಬಿಗಿಯಾಗಿ ಕಟ್ಟಿ ಚಿಗುರನ್ನು ಮುಚ್ಚಿದೆ. ಯಾರಾದರೂ ಕೇಳಿದರೆ ಕೊಡೆಯ ಬಟ್ಟೆ ಒಣಹಾಕಿದ್ದೇನೆ ಎಂದರಾಯಿತು. ಕೆಲಸ ಅಚ್ಚುಕಟ್ಟಾಯಿತು ಎಂದು ನನಗೆ ನಾನೇ ಶಹಭಾಸ್ ಹೇಳಿಕೊಂಡೆ.

ಎರಡು ದಿನ ಎಂದದ್ದು ಎರಡು ವಾರವಾಯಿತು, ಎರಡು ತಿಂಗಳೂ ಆಯಿತು. ಪಂಚಾಂಗ ತನ್ನ ಪಾಡಿಗೆ ತಾನು ಮುಂದೆ ಹೋಯಿತು, ಚಳಿ ಮಾತ್ರ ಅಲ್ಲಾಡಲಿಲ್ಲ. ಅವರೆಕಾಯಿ ಬಂದೇ ಬಂದವು. ಊರಿನಲ್ಲಿ ಅವರೆಕಾಳು ಸಾರು, ಹಿತಕಿದ ಬೇಳೆ ಹುಳಿ, ಅವರೆಕಾಳು ಉಪ್ಪಿಟ್ಟು, ಅವರೆಕಾಳು ರೊಟ್ಟಿ, ಮತ್ತೆ ಅವರೆಕಾಳು ಸಾರು. ಮೊದಲು ಬಾಯಿ ಚಪ್ಪರಿಸಿದವರು ಆಮೇಲೆ ಅವರೆ ಎಂದರೆ ಮುಖ ತಿರುಗಿಸತೊಡಗಿದರು. ಯುಗಾದಿಗೆ ಊರಿನ ಗಂಡಸರೆಲ್ಲ ಎಣ್ಣೆಸ್ನಾನ ಮಾಡಿ, ಹಲ್ಲು ಕಟಕಟ ಕಡಿಯುತ್ತಾ ಸ್ವೆಟರ್ ಹಾಕಿಕೊಂಡರು. ಬೇವು ಹೂ ಬಿಟ್ಟಿರಲಿಲ್ಲ, ಮುದಿ ಎಲೆಯನ್ನೇ ಬೆಲ್ಲದ ಜೊತೆ ಅಗಿದರು. ಮಾವಿನಕಾಯಿಯ ಮಾತಂತೂ ಕೇಳಲೇಬೇಡಿ.

ಪರಮೇಶಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕಿವಿಗೆ ಮಫ್ಲರ್ ಸುತ್ತಿ ಕೂತು ಒದರುತ್ತಿದ್ದ. “ಥೂ, ಏನು ಕಾಲವಪ್ಪಾ ಇದು! ದೋಸೆಗೆ ಹಿಟ್ಟು ಹುದುಗಾಕಿಲ್ಲ, ಕಾಫಿ ಲೋಟಕ್ಕೆ ಬಗ್ಗಿಸೋದ್ರೊಳಗೆ ತಣ್ಣಗಾಗ್ತದೆ. ಊರಲ್ಲಿ ಕಣ್ಣಿರೋರು ಒಬ್ರೂ ಇಲ್ವಾ?” ಹೀಗೆನ್ನುತ್ತಾ ನನ್ನ ಕಡೆ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಲೋಟ ಕೆಳಗಿಟ್ಟು ಎದ್ದು ಬರುತ್ತಿದ್ದೆ.

ಒಂದು ಮಾತು ಹೇಳಬೇಕು, ಆ ಎರಡು ತಿಂಗಳು ನಾನು ಹಿತ್ತಿಲನ್ನು ನೋಡಿದಷ್ಟು ಹಿಂದೆಂದೂ ನೋಡಿರಲಿಲ್ಲ. ಅಂಗಡಿಯಲ್ಲಿ ಕೆಲಸವೂ ಇರಲಿಲ್ಲ, ಚಳಿಗಾಲದಲ್ಲಿ ಕೊಡೆ ಯಾರು ತರುತ್ತಾರೆ? ಜೇಡ ಬಲೆಯ ಅಂಟುಸುತ್ತನ್ನು ಹೊರಗಿನಿಂದ ನಡುವಿಗೆ ಹೆಣೆಯುತ್ತದೆ ಎಂದು ತಿಳಿದದ್ದು ಆಗ. ಹುಳಗಳನ್ನು ಮುಚ್ಚಳದಲ್ಲಿ ಕೂಡಿಸಿ ಬಳ್ಳಿಗೆ ಬಿಡುವುದನ್ನೂ ಕಲಿತೆ. ಒಂದು ದಿನ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನೆಲಕ್ಕೆ ಕೆನ್ನೆ ಒತ್ತಿ ಮಲಗಿ ಇರುವೆಯನ್ನೂ ನೋಡಿದೆ. ಎಷ್ಟು ಚೆನ್ನಾಗಿತ್ತು! ಕರೆದಾಗ ಬರಲಿಲ್ಲವಲ್ಲ ಎಂದು ಹಾಗೇ ಮಲಗಿಕೊಂಡು ಅತ್ತೆ.

ಸಣ್ಣಮ್ಮಕ್ಕನಿಗೆ ಉಬ್ಬಸ. ಪ್ರತಿವರ್ಷ ಚಳಿಯಲ್ಲಿ ಎಳೆಯುತ್ತದೆ, ಬೇಸಿಗೆ ಬಂದರೆ ಇಳಿಯುತ್ತದೆ. ಈ ಸಲ ಇಳಿಯಲೇ ಇಲ್ಲ. ಗೋಡೆಯಾಚೆಯಿಂದ ಅವಳ ಎದೆ ಸುಂಯ್ ಸುಂಯ್ ಎನ್ನುವುದು ಜಗಲಿಯವರೆಗೆ ಕೇಳುತ್ತಿತ್ತು. ಯುಗಾದಿ ಕಳೆದ ವಾರ ನೋಡಲು ಹೋದರೆ ಗೋಡೆಗೆ ಒರಗಿ, ಎರಡು ಶಾಲು ಹೊದ್ದು, ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದಳು. ತುಟಿ ನೀಲಿಯಾಗಿತ್ತು. ನನ್ನನ್ನು ಕಂಡು, “ಏನೂ ಇಲ್ಲ ಕಣಪ್ಪ... ಊಟ ಮಾಡ್ದಾ?” ಎಂದಳು. ಸತ್ತವಳ ಕಾಲವನ್ನು ಹಿಡಿದಿಟ್ಟುಕೊಳ್ಳಲು ಬದುಕಿರುವವಳ ಉಸಿರು ಕಟ್ಟುತ್ತಿದ್ದೇನಲ್ಲ, ಚನ್ನಾಜಿ ಇದ್ದಿದ್ದರೆ ನನ್ನ ಮುಖಕ್ಕೆ ಉಗಿಯುತ್ತಿದ್ದಳು. ಅಲ್ಲಿಂದ ನೆಟ್ಟಗೆ ಚಾವಡಿಗೆ ನಡೆದು ಕಂಬಿ ಬಡಿದೆ.

ಮಧ್ಯಾಹ್ನದ ಹೊತ್ತು. ಕಂಬಿಯ ಸದ್ದಿಗೆ ಊರೇ ಸೇರಿತು. ಓಂಕಾರಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡಿಬಂದ. ಪರಮೇಶಿ ಕೈಯಲ್ಲಿ ಸೌಟು ಹಿಡಿದೇ ಬಂದ. ಸಣ್ಣಮ್ಮಕ್ಕ ಕೂಡ ಗೋಡೆ ಹಿಡಿದುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ಕೂತು, ಬಂದೇ ಬಂದಳು. ನಾನು ತಲೆ ಎತ್ತದೆ ಹೇಳಿದೆ. “ತಪ್ಪಾಯ್ತು. ಹೊಂಗೆ ಚಿಗುರಿ ಎರಡು ತಿಂಗಳ ಮೇಲಾಯ್ತು. ನಾನು ಮುಚ್ಚಿಟ್ಟೆ.”

ಬೈಗುಳಕ್ಕೆ ಕಾದೆ. ಯಾರೂ ಬೈಯಲಿಲ್ಲ. ಓಂಕಾರಪ್ಪ ಅಂಗಿಯ ಕೊನೆಯ ಗುಂಡಿ ಹಾಕಿಕೊಂಡು, “ಗೊತ್ತು ಕಣಣ್ಣ” ಎಂದ.

“ಗೊತ್ತಾ? ಹೆಂಗೆ?”

“ಅಲ್ಲ ಮರುಳಣ್ಣ, ಮಳೆ ಇಲ್ಲ, ಬಿಸಿಲಿಲ್ಲ, ಚಳಿಗಾಲದಲ್ಲಿ ಮರದ ತುದೀಗೆ ಕೊಡೆ ಬಿಚ್ಚಿ ಕಟ್ಟಿದ್ರೆ ಜನ ಬಗ್ಗಿ ನೋಡಾಕಿಲ್ವಾ? ಊರೇ ಒಬ್ಬೊಬ್ರಾಗಿ ಬಂದು ನೋಡ್ಕೊಂಡು ಹೋಯ್ತು.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಗಿತ್ತು ನನ್ನ ಕತೆ. “ಮತ್ತೆ ಯಾಕೆ ಯಾರೂ ಹೇಳ್ಲಿಲ್ಲ?” ಎಂದೆ.

“ಈ ಸಣ್ಣಮ್ಮಕ್ಕ ಬಿಡಬೇಕಲ್ಲ” ಎಂದ ಓಂಕಾರಪ್ಪ. “ಯಾರಾದ್ರೂ ಕಂಬಿ ಮುಟ್ಟಿದ್ರೆ ಕೈ ಮುರೀತೀನಿ ಅಂದ್ಲು. ಅವನಿಗೆ ಯಾವತ್ತು ಮನಸ್ಸು ಬರ್ತದೋ ಅವತ್ತು ಬರ್ಲಿ ಅಂದ್ಲು.”

ನಾನು ಸಣ್ಣಮ್ಮಕ್ಕನ ಕಡೆ ನೋಡಿದೆ. ಅವಳು ಚಾವಡಿಯ ಮೆಟ್ಟಿಲಲ್ಲಿ ಕೂತು ಏದುಸಿರು ಬಿಡುತ್ತಿದ್ದಳು. “ನನಗೂ ಬೇಕಿತ್ತು ಕಣಪ್ಪ” ಎಂದಳು. “ಅವಳು ಹೋದ ಚಳಿ ಇದು. ನಂಗೂ ಬುಡಾಕೆ ಮನಸ್ಸಿರ್ಲಿಲ್ಲ.” ಇಷ್ಟು ಹೇಳುವಷ್ಟರಲ್ಲಿ ಮೂರು ಸಲ ಕೆಮ್ಮಿದಳು.

“ಸರಿ, ಈಗ ಕೇಳು ಓಂಕಾರಿ, ಕೇಳು ಬೇಗ” ಎಂದೆ. ಅವನು ನೆಟ್ಟಗೆ ನಿಂತು ಪದ್ಧತಿಯಂತೆ ಕೇಳಿದ. ಏನು ಕಂಡಿತು? ಹೊಂಗೆಯ ಚಿಗುರು. ಎಲ್ಲಿ ಕಂಡಿತು? ನಮ್ಮ ಹಿತ್ತಿಲಲ್ಲಿ, ಓಣಿ ಕಡೆಯ ಕೊಂಬೆಯಲ್ಲಿ. ಮೊದಲು ಯಾರ ಕಣ್ಣಿಗೆ ಕಂಡಿತು?

ನನ್ನ ಕಣ್ಣಿಗೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಪರಮೇಶಿ “ತಡಿ ಮರುಳಣ್ಣ, ತಡಿ” ಎಂದು ಮುಂದೆ ಬಂದ. ಮುಖ ಕೆಂಪಾಗಿತ್ತು. ಸೌಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. “ಒಂದು ತಪ್ಪು ನನ್ನಿಂದಾನೂ ಆಗದೆ. ಹೋದ ತಿಂಗಳು ನನ್ನ ಕೈಲಿ ತಡಿಯಾಕಾಗ್ಲಿಲ್ಲ. ನೀನು ಸಂತೆಗೆ ಹೋಗಿದ್ದೆ ನೋಡು, ಅವತ್ತು ಬಂದು ಕಂಬೀನ ಬೆರಳಲ್ಲಿ ಮೆಲ್ಲಗೆ ತಟ್ಟಿ ಓಂಕಾರಿ ಮುಂದೆ ಹೇಳ್ಬುಟ್ಟೆ. ಹೊಂಗೆ ಚಿಗುರು, ಮರುಳಣ್ಣನ ಹಿತ್ಲು, ಮರುಳಣ್ಣನ ಕಣ್ಣು ಅಂತ.”

“ಏನಾಯ್ತು?”

“ಏನಾಗ್ತದೆ, ಎಲೇನೂ ಅಲ್ಲಾಡ್ಲಿಲ್ಲ. ಅಪ್ಪನ ಥರಾನೇ ಸುಳ್ಳ ಅಂತಾರೆ ಅಂದ್ಕೊಂಡು ಇಬ್ರೂ ಬಾಯಿ ಮುಚ್ಕೊಂಡ್ವಿ. ಅದರಲ್ಲಿ ಸುಳ್ಳು ಯಾವುದು ಅಂತ ಇವತ್ತಿಗೂ ನಂಗೆ ತಿಳೀಲಿಲ್ಲ ಕಣಣ್ಣ.”

ಜನ ಗುಜುಗುಜು ಶುರುಮಾಡಿದರು. ಸಣ್ಣಮ್ಮಕ್ಕ ಅವನನ್ನು ಎರಡು ಮಾತು ಬೈದಳು. ನನಗೆ ಅದಾವುದೂ ಕಿವಿಗೆ ಬೀಳಲಿಲ್ಲ. ಚಿಗುರು ನಿಜ, ಹಿತ್ತಿಲು ನಿಜ. ಹಾಗಾದರೆ ಮೊದಲು ಕಂಡದ್ದು ನಾನಲ್ಲ. ನಾನು ಕಾಣುವ ಮುಂಚೆ ಆ ಹಿತ್ತಿಲಿಗೆ ಯಾರು ಬಂದಿದ್ದರು? ಹೆಣ ಎತ್ತಲು ಬಂದವರು, ಅಳಲು ಬಂದವರು, ಯಾರು ಬೇಕಾದರೂ ಕಂಡಿರಬಹುದು. ಒಂದು ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಹೇಳುವುದಕ್ಕೆ ಭಯವಾಯಿತು. ಹೇಳಿ, ಏನೂ ಆಗದೆ ಹೋದರೆ? ಅವಳು ಕರೆದದ್ದು ಜೇಡಕ್ಕೋ ಆಮೆಗೋ ಎಂದು ಆಮೇಲೆ ಯಾವತ್ತೂ ತಿಳಿಯದಂತಾದರೆ?

“ಹೇಳಪ್ಪಾ” ಎಂದಳು ಸಣ್ಣಮ್ಮಕ್ಕ. ನನ್ನ ಮುಖ ನೋಡಿಯೇ ಅವಳಿಗೆ ತಿಳಿದುಹೋಗಿತ್ತು. “ಆಗ್ಲಿಲ್ಲಾಂದ್ರೆ ಇನ್ನೊಂದು ತಿಂಗಳು ಕೆಮ್ತೀನಿ, ಅದಕ್ಕೇನಂತೆ. ಅವಳ ಹೆಸರು ಹೇಳು.”

ಓಂಕಾರಪ್ಪ ಮತ್ತೆ ಕೇಳಿದ. ಮೊದಲು ಯಾರ ಕಣ್ಣಿಗೆ ಕಂಡಿತು?

“ನನ್ನ ಹೆಂಡ್ತಿ ಚನ್ನಾಜಮ್ಮನ ಕಣ್ಣಿಗೆ” ಎಂದೆ.

ಹತ್ತು ಎಣಿಸುವಷ್ಟು ಹೊತ್ತು ಎಲ್ಲ ಹಾಗೇ ಇತ್ತು. ಆಮೇಲೆ ಕೆರೆಯ ಕಡೆಯಿಂದ ಗಾಳಿ ಬಂತು, ಬೆಚ್ಚನೆಯ ಗಾಳಿ. ಚಾವಡಿಯ ಬೇವಿನಿಂದ ಹಳೆಯ ಎಲೆಗಳು ಸರಸರ ಉದುರಿದವು. ಪರಮೇಶಿ ಮಫ್ಲರ್ ಕಿತ್ತು ಹೆಗಲಿಗೆ ಹಾಕಿಕೊಂಡ. ಸಣ್ಣಮ್ಮಕ್ಕ ಒಂದು ಶಾಲು ಸರಿಸಿದಳು, ಇನ್ನೊಂದು ಸರಿಸಿದಳು, ಎದೆತುಂಬ ಉಸಿರು ಎಳೆದುಕೊಂಡು ಬಿಟ್ಟಳು. ಸುಂಯ್ ಎನ್ನಲಿಲ್ಲ. ಯಾರೋ “ಬಂತು ಕಣ್ರೋ ಬೇಸಿಗೆ” ಎಂದು ಕೂಗಿದರು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಊರವರೆಲ್ಲ ನೋಡುತ್ತಿರುವಾಗಲೇ, ಗಟ್ಟಿಯಾಗಿ ಅತ್ತೆ. ಹಾಗಾದರೆ ಅವಳು ಕಂಡಿದ್ದಳು. ಚಾವಡಿ ನಮ್ಮ ಮನೆಗೆ ಮುನ್ನೂರು ಹೆಜ್ಜೆ, ಅವಳ ನಡಿಗೆಗೆ ಎರಡು ನಿಮಿಷದ ದಾರಿ. ಕಂಡ ಕೂಡಲೇ ಹೊರಟಿದ್ದರೆ ಬಂದು ಹೇಳಿಯೇ ಬಿಡುತ್ತಿದ್ದಳು. ಹೊರಡಲಿಲ್ಲ. ಊರಿಗೆ ಹೇಳುವ ಮುಂಚೆ ನನಗೆ ತೋರಿಸಬೇಕೆಂದು ನಿಂತಿದ್ದಳು.